ಕ್ಯಾಮೆರಾಕ್ಕೊಂದು ಕುಲಾವಿ

ತೊಡೆಯ ಮೂಳೆ ಮುರಿದ ಮೇಲೆ ಅಮ್ಮನನ್ನು ಹಾಸನದ ಒಂದು ಆರೈಕೆ ಮನೆಯಲ್ಲಿ ಬಿಟ್ಟಿದ್ದೆವು. ಚನ್ನರಾಯಪಟ್ಟಣದ ನಮ್ಮ ಮನೆ ಇರುವುದು ಮಹಡಿಯ ಮೇಲೆ. ಮೆಟ್ಟಿಲು ಹತ್ತುವಷ್ಟು ಕಾಲು ಗಟ್ಟಿಯಾಗುವವರೆಗೆ ಅಲ್ಲೇ ಇದ್ದು ದಿನಾ ವ್ಯಾಯಾಮ ಮಾಡಲಿ ಎಂದು ಡಾಕ್ಟರು ಹೇಳಿದ್ದರು. ಫೋನ್ ಮಾಡಿದಾಗಲೆಲ್ಲ ಅಮ್ಮನದು ಒಂದೇ ಮಾತು: "ಉಂಡೆ ಕಣವ್ವ, ಒಟ್ಟೆ ತುಂಬಾ ಉಂಡೆ." ಭಾನುವಾರ ಹೋಗಿ ನೋಡಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹೀಗೆ ಸೊರಗುತ್ತಾ ಹೋದರೆ ಕಾಲಿಗೆ ಬಲ ಬರುವುದೆಲ್ಲಿಂದ?

ಕೋಣೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇಡಬಹುದೇ ಎಂದು ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿದೆ.

"ಇಡಿ ಮೇಡಂ. ಆದ್ರೆ ಅದು ಇಬ್ಬರ ರೂಮು, ಪಕ್ಕದ ಮಂಚದ ಅಜ್ಜಿನೂ ಒಪ್ಪಬೇಕು. ಇಲ್ಲಾಂದ್ರೆ ನಿಮ್ಮ ತಾಯಿನ ಒಬ್ಬರೇ ಇರೋ ರೂಮಿಗೆ ಕಳಿಸಬೇಕಾಗುತ್ತೆ," ಎಂದರು.

ಅಮ್ಮ ಅದಕ್ಕೆ ಸುತರಾಂ ಒಪ್ಪಲಿಲ್ಲ. "ಒಬ್ಳೇ ಗೋಡೆ ನೋಡ್ಕಂಡು ಕೂತ್ಕಳಕ್ಕೆ ನಂಗೇನು ಗ್ರಾಚಾರ?"

ಪಕ್ಕದ ಮಂಚದ ಅಜ್ಜಿ ದುದ್ದದ ಕಡೆಯವರು. ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಮಕ್ಕಳನ್ನು ಬೆಳೆಸಿದ ಗಟ್ಟಿಗಿತ್ತಿ. ಮೊಮ್ಮಗಳ ಕೂಸಿಗೆಂದು ಹಳದಿ ಉಲ್ಲನ್ನಿನ ಕುಲಾವಿ ಹೆಣೆಯುತ್ತಾ ನನ್ನ ಮಾತನ್ನು ಪೂರ್ತಿ ಕೇಳಿದರು.

"ಅಲ್ಲ ಕಣವ್ವ, ನಾನು ಸೀರೆ ಉಡಾದು, ಮೈಗೆ ಎಣ್ಣೆ ಹಚ್ಕಳಾದು, ಎಲ್ಲಾ ನಿನ್ ಮೊಬೈಲ್ನಾಗೆ ಬತ್ತದಾ?"

"ಇಲ್ಲ ಅಜ್ಜಿ, ಅಮ್ಮನ ಮಂಚದ ಕಡೆಗೆ ಮಾತ್ರ ತಿರುಗಿಸಿರ್ತೀನಿ."

"ಅದು ಅಂಗೇ ಇರ್ತದೆ ಅಂತ ಏನ್ ಗ್ಯಾರಂಟಿ? ನಾನ್ ಸಾಕಿದ್ ಹಸಾನೇ ಕಟ್ಟಿದ್ ಕಡೆ ನಿಲ್ತಿರಲಿಲ್ಲ."

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಜ್ಜಿ ನಗಲಿಲ್ಲ. ಕುಲಾವಿಯನ್ನು ಮುಷ್ಟಿಯ ಮೇಲೆ ಹಾಕಿ ಅಳತೆ ನೋಡಿದರು.

"ಇದು ಚಿಕ್ಕದಾಗೋಯ್ತು, ಕೂಸಿಗೆ ಆಗಕ್ಕಿಲ್ಲ. ನಿನ್ ಕ್ಯಾಮೆರಾಕ್ಕೆ ಆಯ್ತದೆ. ನಾವು ಬಟ್ಟೆ ಬದಲಾಯ್ಸುವಾಗ ಅದರ ತಲೆಗೆ ಹಾಕ್ತೀನಿ. ಇನ್ನೊಂದು ಮಾತು. ನೀನು ನಮ್ಮುನ್ನ ನೋಡಾದಾದ್ರೆ ನಾವೂ ನಿನ್ನ ನೋಡ್ಬೇಕು. ನೀನು ಮುದ್ದೆ ತಿರುವಾದು, ಉಣ್ಣಾದು, ಎಲ್ಲಾ ತೋರ್ಸು."

ತಮಾಷೆ ಇರಬೇಕೆಂದುಕೊಂಡು ಹೂಂ ಎಂದೆ.

ಕ್ಯಾಮೆರಾ ಬಂತು. ಆದರೆ ನಾನು ಮೊಬೈಲು ತೆಗೆದಾಗಲೆಲ್ಲ ಕಾಣುತ್ತಿದ್ದುದು ಬರೀ ಹಳದಿ ಉಲ್ಲನ್ನು. ಹಾಕಿದ ಕುಲಾವಿಯನ್ನು ತೆಗೆಯುವುದೇ ಇಬ್ಬರಿಗೂ ಮರೆತುಹೋಗುತ್ತಿತ್ತು. ನಾನು ಫೋನ್ ಮಾಡಬೇಕು, ಆಗ ಅಜ್ಜಿ, "ಅಯ್ಯೋ, ಪಾಪ, ಅದುಕ್ಕೆ ಉಸ್ರು ಕಟ್ಟಿರ್ಬೇಕು," ಎಂದು ತೆಗೆಯಬೇಕು.

ಅಂತೂ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಕುಲಾವಿ ಇರಲಿಲ್ಲ. ತಟ್ಟೆ ಬಂತು. ಅಜ್ಜಿಯೂ ತಮ್ಮ ತಟ್ಟೆ ಹಿಡಿದು ಅಮ್ಮನ ಮಂಚದ ತುದಿಗೆ ಬಂದು ಕೂತರು. ಅಮ್ಮ ಮುದ್ದೆಯನ್ನು ಮುರಿದು, "ತಗಾ, ನೀನ್ ಉಣ್ಣು," ಎಂದು ದೊಡ್ಡ ಪಾಲನ್ನು ಅಜ್ಜಿಯ ತಟ್ಟೆಗೆ ಹಾಕಿದಳು. ಉಳಿದುದನ್ನು ಮುಟ್ಟದೆ, ಗೋಡೆಗೆ ಒರಗಿ, ಅಜ್ಜಿ ಉಣ್ಣುವುದನ್ನೇ ನೋಡುತ್ತಾ ಕೂತಳು. ಆ ಕೂರುವ ಭಂಗಿ ನನಗೆ ಚೆನ್ನಾಗಿ ಗೊತ್ತು. ನಾನು ಚಿಕ್ಕವಳಿದ್ದಾಗ ಅರಕಲಗೂಡಿನ ಮನೆಯಲ್ಲಿ ಎಲ್ಲರದೂ ಊಟ ಆಗುವವರೆಗೆ ಅಡಿಗೆಮನೆ ಬಾಗಿಲಲ್ಲಿ ಹೀಗೇ ಕಾಯುತ್ತಿದ್ದಳು. ಮನೆಯವರ ಊಟವಾಯಿತೋ ಇಲ್ಲವೋ ತಿಳಿಯದೆ ತುತ್ತು ಎತ್ತಿದವಳೇ ಅಲ್ಲ. ಈಗ ಆರೈಕೆ ಮನೆಯಲ್ಲಿ ಕೂತವಳಿಗೆ ನಮ್ಮ ಊಟದ ಸುದ್ದಿ ಹೇಳುವವರು ಯಾರು?

ನಾನು ತಕ್ಷಣ ಫೋನನ್ನು ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ತಟ್ಟೆ ಹಾಕಿಕೊಂಡು ಕೂತೆ.

"ನೋಡೇ, ನಿನ್ ಮಗಳು ಕೊನೆಗೂ ಮಾತು ಉಳಿಸ್ಕಂಡ್ಳು!" ಎಂದು ಅಜ್ಜಿ ಫೋನನ್ನು ಅಮ್ಮನ ಮುಖಕ್ಕೆ ಹಿಡಿದರು. "ಅಯ್ಯಯ್ಯೋ, ಮುದ್ದೆ ನೋಡು, ಬರೀ ಗಂಟು!"

ಅಮ್ಮ ಮಾತ್ರ ಗಂಟನ್ನು ನೋಡಲಿಲ್ಲ. "ನಿಮ್ಮೆಜಮಾನ್ರುದು ಆಯ್ತಾ?"

"ಆಯ್ತಮ್ಮಾ. ಈಗ ನಂದು."

ನನ್ನ ಮುದ್ದೆ ಅರ್ಧ ಮುಗಿಯುವವರೆಗೆ ನೋಡಿ, ಅಮ್ಮ ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮಾರನೆಯ ದಿನವೂ ಹಾಗೇ ಕೂತೆವು. ಮುದ್ದೆ ಬಂದ ಕೂಡಲೇ ಅಜ್ಜಿ, "ಇವತ್ತು ನನ್ ಪಾಲು ಎಲ್ಲೇ?" ಎಂದರು.

"ನಿಂದು ನೀನ್ ಉಣ್ಣು," ಎಂದಳು ಅಮ್ಮ.

ಈಗ ಬಳೆಗಳು ಮಣಿಕಟ್ಟಿನ ಹತ್ತಿರವೇ ನಿಲ್ಲುತ್ತಿವೆ. ಕೋಲು ಹಿಡಿದು ವರಾಂಡದ ತುದಿಯವರೆಗೆ ಅಮ್ಮ ನಡೆಯುತ್ತಾಳೆ. ಕ್ಯಾಮೆರಾ ದಿನವಿಡೀ ಕುಲಾವಿ ಹಾಕಿಕೊಂಡೇ ಇರುತ್ತದೆ, ನಾನೂ ತೆಗೆಯಿರಿ ಎನ್ನುವುದಿಲ್ಲ. ನನ್ನ ಅಡಿಗೆಮನೆಯ ಫೋನನ್ನು ಮಾತ್ರ ಮರೆಮಾಡುವ ಹಾಗಿಲ್ಲ. ಗಂಟಿಲ್ಲದ ಮುದ್ದೆ ನೋಡುವವರೆಗೆ ಅಜ್ಜಿ ಬಿಡುವುದಿಲ್ಲವಂತೆ.