ಹೊಲಿಗೆ ಮಷಿನ್ನಿಗೊಂದು ಜಾಗ

ಹೊಲಿಗೆ ಮಷಿನ್ನಿಗೆ ಬಿಡುವ ಎಣ್ಣೆಗೆ ತನ್ನದೇ ಒಂದು ವಾಸನೆಯಿದೆ, ಗಮನಿಸಿದ್ದೀರಾ? ಸೀಮೆಎಣ್ಣೆಯಷ್ಟು ಒರಟಲ್ಲ, ಕೊಬ್ಬರಿಎಣ್ಣೆಯಷ್ಟು ಮನೆಯದೂ ಅಲ್ಲ. ಎರಡರ ನಡುವೆ ಎಲ್ಲೋ ನಿಂತು, ಸೆರಗಿಗೆ ಅಂಟಿತೆಂದರೆ ಒಗೆದರೂ ಬಿಡದ ವಾಸನೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಕಸ ಹೊಡೆದು, ಮಷಿನ್ನಿನ ಸಂದುಗಳಿಗೆ ನಾಲ್ಕು ಹನಿ ಬಿಟ್ಟು, ಬಟ್ಟೆಯಿಲ್ಲದೆ ಬರಿದೇ ಒಂದಿಷ್ಟು ತುಳಿದು ಅದನ್ನು ಎಚ್ಚರಿಸುವುದು ನನಗೆ ದೀಪ ಹಚ್ಚಿದಷ್ಟೇ ರೂಢಿಯ ಕೆಲಸ. ಹಾಗೆ ತುಳಿಯುವಾಗಲೇ ಹಳೆಯ ಯೋಚನೆಗಳು ಬರುವುದು. ಕಾಲಿಗೆ ಕೆಲಸವಿದ್ದು ಕೈಗೆ ಬಿಡುವಿದ್ದರೆ ಮನಸ್ಸು ಊರು ತಿರುಗಲು ಹೊರಡುತ್ತದೆ.

"ನಿಮಗೆ ಮೊದಲು ಆಸರೆಯಾದವರು ಯಾರು?" ಎಂದು ಈಗೀಗ ಕೆಲವರು ಕೇಳುತ್ತಾರೆ. ಆಸರೆ ದೊಡ್ಡ ಮಾತು. ನಮ್ಮ ಕಡೆ ಅದಕ್ಕೊಬ್ಬಳು ತಂಗಿಯಿದ್ದಾಳೆ, ಆಸರಿಕೆ ಎಂದು; ದಣಿವು, ಬಾಯಾರಿಕೆ ಎಂದರ್ಥ. ಬಿಸಿಲಲ್ಲಿ ನಡೆದು ಬಂದವರಿಗೆ 'ಆಸರಿಕಿಗೇನರ ಬೇಕೇನ್ರಿ' ಎನ್ನುತ್ತ ನೀರಿನ ತಂಬಿಗೆ ಮುಂದೆ ಹಿಡಿಯುತ್ತಾರೆ. ಎರಡು ಮಾತಿಗೂ ವ್ಯಾಕರಣದಲ್ಲಿ ನಂಟಿದೆಯೋ ಇಲ್ಲವೋ ನಾನರಿಯೆ, ಬದುಕಿನಲ್ಲಿ ಇದೆ. ದಣಿವನ್ನು ಕಂಡವರೇ ಆಸರೆ ಕೊಟ್ಟಾರು. ಆದರೆ ನಾನು ಹೇಳಹೊರಟ ಕಾಲದಲ್ಲಿ ನಮ್ಮ ಕೇರಿಯವರಿಗೆ ಆ ನೀರನ್ನು ತಂಬಿಗೆಯಲ್ಲಿ ಕೊಡುತ್ತಿರಲಿಲ್ಲ, ದೂರ ನಿಂತು ಬೊಗಸೆಗೆ ಎರೆಯುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕೂಡ್ಲಿಗಿಯಲ್ಲಿ ನಮ್ಮಂಥ ಹೆಣ್ಣುಮಕ್ಕಳಿಗೆಂದು ಸರ್ಕಾರದ ಹೊಲಿಗೆ ತರಬೇತಿ ನಡೆಯಿತು. ಮನೆಯವರು ದುರುಗಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ನಾನು ಹೊಲಕ್ಕೆ ಕೂಲಿಗೆ ಹೋಗುವುದನ್ನು ಬಿಟ್ಟು ಕತ್ತರಿ ಹಿಡಿಯಲು ಹೋದೆ. ಕಲಿಸುವ ಟೀಚರಮ್ಮ ಒಳ್ಳೆಯವರು, ಬಿಗಿಯವರು. ತರಬೇತಿ ಮುಗಿದ ದಿನ ಒಬ್ಬೊಬ್ಬರಿಗೆ ಒಂದೊಂದು ಮಷಿನ್ ಕೊಟ್ಟರು. ದುರುಗಪ್ಪ ಅದನ್ನು ಸೈಕಲ್ಲಿನ ಮೇಲೆ ಕಟ್ಟಿ, ತಾವು ಹತ್ತದೆ, ಮದುವಣಗಿತ್ತಿಯನ್ನು ಕರೆತರುವಂತೆ ನಡೆಸಿಕೊಂಡು ಬಂದರು. ಕೇರಿಯ ಹೆಂಗಸರು ಅದಕ್ಕೆ ಕುಂಕುಮ ಹಚ್ಚಿದರು.

ಆಮೇಲೆ ಅದು ಹಾಗೆಯೇ ನಿಂತಿತು. ಕೇರಿಯಲ್ಲಿ ಹೊಸ ಕುಪ್ಪಸ ಹೊಲಿಸುವುದು ಹಬ್ಬಕ್ಕೋ ಮದುವೆಗೋ ಮಾತ್ರ. ಹೊಲಿಸುವ ಅನುಕೂಲವಿದ್ದ ಊರಿನವರು ನಮ್ಮ ಕೇರಿಯೊಳಕ್ಕೆ ಕಾಲಿಡುವವರಲ್ಲ. ಪೇಟೆಯಲ್ಲೊಂದು ಮೂಲೆ ಸಿಕ್ಕೀತೇ ಎಂದು ಕೇಳಿಕೊಂಡು ತಿರುಗಿದೆ. ಖಾಲಿ ಇದ್ದ ಮಳಿಗೆ ನನ್ನ ಹೆಸರೂ ಕೇರಿಯೂ ತಿಳಿದ ಕೂಡಲೇ ತುಂಬಿಬಿಡುತ್ತಿತ್ತು. ಒಬ್ಬ ಹಿರಿಯರು ಮಾತ್ರ ಮುಚ್ಚುಮರೆಯಿಲ್ಲದೆ ನಿಜ ಹೇಳಿದರು: "ನಿನಗ ಕೊಟ್ರ ಆಜೂಬಾಜು ಅಂಗಡಿಯೋರು ನನ್ನ ಕೂಡ ಜಗಳಕ್ಕ ಬರ್ತಾರವ್ವ. ನನಗ ಯಾಕ ಬೇಕು?" ಅಂದು ನನಗೆ ಹೊಳೆದದ್ದು ಇಂದಿಗೂ ಬದಲಾಗಿಲ್ಲ: ಸರ್ಕಾರ ಮಷಿನ್ ಕೊಟ್ಟೀತು, ಅದನ್ನಿಡುವ ಜಾಗವನ್ನು ಊರೇ ಕೊಡಬೇಕು.

ಜಾಗ ಕೊಟ್ಟವಳು ಖಾಸೀಂಬಿ. ಗಂಡ ತೀರಿಕೊಂಡ ಮೇಲೆ ಬಳೆಯಂಗಡಿಯನ್ನೂ ಎರಡು ಹೆಣ್ಣುಮಕ್ಕಳನ್ನೂ ಒಬ್ಬಳೇ ಸಂಭಾಳಿಸುತ್ತಿದ್ದವಳು. ಊರಿನಲ್ಲಿ ಅವಳು ಕೈ ಹಿಡಿಯದ ಹೆಣ್ಣಿರಲಿಲ್ಲ. ನಾನು ಅವಳ ಅಂಗಡಿಗೆ ಜಾಗ ಕೇಳಲು ಹೋದವಳೂ ಅಲ್ಲ. ತಿರುಗಿ ತಿರುಗಿ ಕಾಲು ಸೋತು ಅವಳ ಕಟ್ಟೆಯ ನೆರಳಿಗೆ ನಿಂತಿದ್ದೆ. ಯಾಕೆ ನಿಂತೆ ಎಂದು ಕೇಳಿದಳು, ಹೇಳಿದೆ. ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದು ನನ್ನ ಕೈಗೇ ಕೊಟ್ಟಳು. ನಾನು ಕುಡಿದು ಮುಗಿಸಿದ ಮೇಲೆ, "ಈ ಕಡೀ ಅರ್ಧ ಕಟ್ಟಿ ಬರೇ ನಾಯಿ ಮಲಗಾಕ ಐತಿ. ನಾಳಿ ಮಷಿನ್ ತಂದು ಇಡು" ಎಂದಳು.

"ಬಾಡಿಗಿ ಅಕ್ಕಾ?"

"ದುಡದ ಮ್ಯಾಲ ಕೊಡು. ಮೊದ್ಲು ನನಗೊಂದು ಕುಬುಸ ಹೊಲಿ, ಹೆಂಗ ಹೊಲೀತಿ ನೋಡತೀನಿ."

ಹೀಗೆ ನನ್ನ ಉದ್ಯೋಗ ಶುರುವಾಯಿತು. ಬಳೆ ಇಡಿಸಿಕೊಳ್ಳಲು ಬಂದವರು ನನ್ನ ಹೊಲಿಗೆ ನೋಡಿದರು, ಮೆಚ್ಚಿದರು, ಬಟ್ಟೆಯನ್ನೂ ತಂದರು. ಆದರೆ ತಂದ ಬಟ್ಟೆಯನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲೆ ಇಡುತ್ತಿದ್ದರು. ಜೊತೆಗೆ ಅಳತೆಗೆಂದು ಒಂದು ಹಳೆಯ ಕುಪ್ಪಸ. ಟೀಚರಮ್ಮ ಟೇಪು ಹಿಡಿದು ಮೈಯಳತೆ ತೆಗೆಯುವುದನ್ನು ಎಷ್ಟು ಅಚ್ಚುಕಟ್ಟಾಗಿ ಕಲಿಸಿದ್ದರು! ಆ ಟೇಪು ನನ್ನ ಕೊರಳಲ್ಲಿ ಸುಮ್ಮನೆ ಜೋತಾಡುತ್ತಿತ್ತು. ಗಂಡಸು ದರ್ಜಿಗಳಿಗೆ ಹಳೆಯ ಕುಪ್ಪಸ ಕೊಡುವುದು ನಾಚಿಕೆಗೆ, ಅದು ಸರಿ. ನಾನು ಹೆಣ್ಣು. ನನ್ನ ಮುಂದೆ ಅದು ನಾಚಿಕೆಯಲ್ಲವೆಂಬುದು ಕೊಡುವವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಹೊಲಿದೆ. ಹಸಿವು ಬಲು ದೊಡ್ಡ ಸಮಾಧಾನಗಾರ.

ಸಮಾಧಾನ ಮುರಿದದ್ದು ಗಿರಿಜಮ್ಮನಿಂದ. ಪೇಟೆಯಲ್ಲಿ ಅವರದು ಕಿರಾಣಿ ಅಂಗಡಿ, ನಾಲ್ಕು ಜನ ಮಾತು ಕೇಳುವಂಥ ಮನೆತನ. ಹೊಲಿದು ಕೊಟ್ಟ ಕುಪ್ಪಸವನ್ನು ತಿರುಗಿ ತಂದು ಕಟ್ಟೆಯ ಮೇಲೆ ಎಸೆದರು.

"ತೋಳು ಏರವಲ್ದು. ಸರ್ಕಾರ ಎಂಥೆಂಥೋರಿಗೆ ಮಷಿನ್ ಕೊಡತೈತೋ!"

"ನೀವು ಕೊಟ್ಟ ಅಳತಿ ಕುಬುಸ ಹಳೇದ್ರಿ ಅಮ್ಮಾರೆ. ಮೈ ಅಳತಿ ಕೊಡ್ರಿ, ಈಗಿಂದೀಗ ಸರಿ ಮಾಡತೀನಿ," ಎಂದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಬೈಗುಳಕ್ಕಿಂತ ಆ ಒಂದು ಹೆಜ್ಜೆ ನನ್ನನ್ನು ಸುಟ್ಟಿತು. ಅವರು ಹೋದ ಮೇಲೆ ಖಾಸೀಂಬಿಗೆ ಹೇಳಿದೆ: ಇನ್ನು ಮುಂದೆ ಅಳತೆಯ ಕುಪ್ಪಸ ಇಟ್ಟುಕೊಳ್ಳುವುದಿಲ್ಲ, ಹೊಲಿಸುವವರು ಮೈಯಳತೆ ಕೊಡಬೇಕು, ಇಲ್ಲವೇ ಬೇರೆ ಕಡೆ ಹೋಗಬೇಕು.

ಮನೆಯಲ್ಲಿ ದುರುಗಪ್ಪ, "ನಿನ್ನ ಹೊಟ್ಟಿ ಮ್ಯಾಲ ನೀನ ಕಲ್ಲು ಹಾಕ್ಕೊಳ್ಳಾಕ ಹತ್ತಿ," ಎಂದರು. ಬೇಡವೆನ್ನಲಿಲ್ಲ.

ಬೇರೆ ಕಡೆ ಹೋದರು, ಮತ್ತೇನು. ನನ್ನ ಮುಂದಿನ ಕಟ್ಟೆ ಬರಿದಾಯಿತು. ನಾನು ಕೇರಿಯ ಮಕ್ಕಳ ಅಂಗಿ ಹೊಲಿಯುತ್ತ, ಹರಿದದ್ದಕ್ಕೆ ತೇಪೆ ಹಾಕುತ್ತ ಕೂತೆ. ಅದನ್ನಾದರೂ ತಾಳಿಕೊಳ್ಳಬಹುದಿತ್ತು, ಆದರೆ ಬಳೆಗೆ ಬರುವವರೂ ಕಡಿಮೆಯಾಗತೊಡಗಿದರು. "ಅಕಿನ್ನ ಎಬ್ಬಸು, ಇಲ್ಲಾಂದ್ರ ನಾವು ಹರಪನಹಳ್ಳಿ ಸಂತ್ಯಾಗ ಬಳಿ ಇಡಿಸ್ಕೊಂತೀವಿ" ಎಂದು ಯಾರೋ ಹೇಳಿಹೋದದ್ದು ನನ್ನ ಕಿವಿಗೂ ಬಿತ್ತು. ಮರುದಿನ ನಾನು ಮಷಿನ್ನಿಗೆ ಹಗ್ಗ ಬಿಗಿಯತೊಡಗಿದೆ.

"ಏನ ಮಾಡಾಕ ಹತ್ತಿ?" ಖಾಸೀಂಬಿ ಒಳಗಿಂದಲೇ ಕೇಳಿದಳು.

"ನಿನ್ನ ಮಕ್ಕಳ ಅನ್ನಕ್ಕ ನಾ ಅಡ್ಡ ಬರಬಾರದಕ್ಕಾ."

ಅವಳಿಗೆ ಸಿಟ್ಟು ಬಂತು. "ಹಟ ಹಿಡಿಯೋವಾಗ ನನ್ನ ಕೇಳಿದ್ಯೇನು? ಈಗ ಬಿಡೋವಾಗ ನನ್ನ ಹೆಸರು ಹೇಳತೀಯ? ಹಗ್ಗ ಬಿಚ್ಚು. ನಿನ್ನ ಹಟದಾಗ ನನ್ನ ಬಳಿ ಒಡದ್ರ ಒಡೀಲಿ, ನಿನ್ನ ಅಂಜಿಕಿಯಾಗ ಒಡೀಬಾರದು."

ಅವಳಿಗೂ ಅಂಜಿಕೆಯಿತ್ತು. ಆ ದಿನಗಳಲ್ಲಿ ಅವಳು ಮಕ್ಕಳನ್ನು ಸಣ್ಣಪುಟ್ಟದಕ್ಕೆಲ್ಲ ಗದರುತ್ತಿದ್ದಳು, ಮಾರಾಟವಾಗದ ಬಳೆಗಳನ್ನು ಬಿಚ್ಚಿ ಒರೆಸಿ ಮತ್ತೆ ಮತ್ತೆ ಕಟ್ಟುತ್ತಿದ್ದಳು. ಧೈರ್ಯವೆಂದರೆ ಅಂಜಿಕೆಯಿಲ್ಲದಿರುವುದು ಎಂದು ನಾನು ತಿಳಿದಿದ್ದೆ. ಅದು ಅಂಜಿಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅಂಗಡಿಯ ಬಾಗಿಲು ತೆಗೆಯುವುದೆಂದು ಕಲಿತದ್ದು ಅವಳಿಂದ.

ಅಷ್ಟರಲ್ಲಿ ಗಿರಿಜಮ್ಮನ ಮಗಳು ಶಶಿಕಲಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ನಿಮಗೆ ಗೊತ್ತಿರಬಹುದು, ಬಸುರಿಗೆ ಮಾಡುವ ಸೀಮಂತಕ್ಕೆ ನಮ್ಮಲ್ಲಿ 'ಕುಬುಸ' ಎಂದೇ ಹೆಸರು. ಹಸಿರು ಸೀರೆ, ಹಸಿರು ಬಳೆ, ಹೊಸ ಕುಪ್ಪಸ. ಬಸುರಿಗೊಪ್ಪುವ ಹಸಿರು ಗಾಜಿನ ಬಳೆ ಖಾಸೀಂಬಿಯ ಅಂಗಡಿ ಬಿಟ್ಟರೆ ಹತ್ತಿರದಲ್ಲೆಲ್ಲೂ ಸಿಗುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಮಗಳನ್ನು ಬಸ್ಸಿನಲ್ಲಿ ಹರಪನಹಳ್ಳಿಗೆ ಕುಲುಕಾಡಿಸಿಕೊಂಡು ಒಯ್ಯಲು ಯಾವ ತಾಯಿಯೂ ಒಪ್ಪಳು. ಗಿರಿಜಮ್ಮ ಮಗಳೊಂದಿಗೆ ಬಂದರು, ನನ್ನತ್ತ ನೋಡದೆ ಕೂತರು.

ಖಾಸೀಂಬಿ ಶಶಿಕಲಾಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳು ಮಡಿಸಿ, ಬಳೆಗಳನ್ನು ಒಂದೊಂದಾಗಿ ಏರಿಸುತ್ತ, "ಕುಬುಸ ಹೊಲಿಸೀರೇನವ್ವ?" ಎಂದು ಕೇಳಿದಳು.

"ಹೊಲಿಸ್ಯಾರ ಅಕ್ಕ, ನನ್ನ ಮದುವಿ ಕುಬುಸ ಕೊಟ್ಟು," ಹುಡುಗಿ ನಕ್ಕಳು. "ಅದು ಅರ್ಧ ಮೈಗೂ ಬರವಲ್ದು."

ಬಸುರಿಯ ಮೈಗೆ ಹಿಂದಿನ ಅಳತೆ ಎಲ್ಲಿಂದ ಹೊಂದೀತು? ಗಿರಿಜಮ್ಮನ ಮುಖ ಸಣ್ಣದಾಯಿತು. ಶಶಿಕಲಾ ನನ್ನ ಕಡೆಗೆ ತಿರುಗಿದಳು. "ನೀವು ಅಳತಿ ತಗೊಂಡು ಹೊಲೀತೀರಂತಲ್ಲ?"

"ಹೊಲೀತೀನಿ," ಎಂದೆ.

ಗಿರಿಜಮ್ಮ ಮಗಳನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಇಬ್ಬರ ನಡುವೆ ಒಂದು ದಾರಿ ಹುಡುಕಿದರು. "ಖಾಸೀಂಬಿ, ಟೇಪು ನೀನ ಹಿಡಿ. ಅಕಿ ಅಲ್ಲೇ ಕುಂತು ಬರಕೊಳ್ಳಲಿ."

ಎಂಥ ಸುಲಭದ ದಾರಿ! ಖಾಸೀಂಬಿ ಹೂಂ ಎಂದಿದ್ದರೆ ಅವಳ ವ್ಯಾಪಾರ ಅಂದೇ ಸರಿಹೋಗುತ್ತಿತ್ತು, ನನಗೂ ಕೆಲಸ ಸಿಗುತ್ತಿತ್ತು. ಅವಳು ಮೇಲೆ ನೋಡಲಿಲ್ಲ. ಕೊನೆಯ ಬಳೆಯನ್ನು ಏರಿಸಿ, ಶಶಿಕಲಾಳ ಕೈ ಬಿಟ್ಟು, ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ನನ್ನ ಕೈ ಬಳಿ ಇಡಿಸಾಕ ಅದಾವ್ರಿ. ಅಕಿ ಕೆಲಸ ಅಕೀನ ಮಾಡಬೇಕು."

ಶಶಿಕಲಾ ಗೋಡೆ ಹಿಡಿದು ಮೆಲ್ಲಗೆ ಎದ್ದಳು. "ಅವ್ವಾ, ನಾಕು ಮಂದ್ಯಾಗ ಉಸುರುಗಟ್ಟಿ ಕುಂದ್ರಲೇನು ನಾನು? ತಗೋರಿ ಅಳತಿ."

ನಾನು ಟೇಪು ಕೊರಳಿಂದ ತೆಗೆದೆ. ಭುಜ, ತೋಳು, ಬೆನ್ನು, ಎದೆ. ಕುಪ್ಪಸದ ಕೆಳಸುತ್ತು ಅಳೆಯುವಾಗ ಹೊಟ್ಟೆಯೊಳಗಿನದು ನನ್ನ ಮುಂಗೈಯನ್ನು ಒದೆಯಿತು. ನಾನು ಬೆಚ್ಚಿ ಕೈ ತೆಗೆದೆ. ಶಶಿಕಲಾ ಜೋರಾಗಿ ನಕ್ಕಳು. ಆ ನಗುವಿಗೆ ಗಿರಿಜಮ್ಮನ ಬಾಯಿಯೂ ಅವರಿಗೆ ತಿಳಿಯದಂತೆ ಅರಳಿತು.

ಊರು ಒಂದೇ ದಿನದಲ್ಲಿ ಬದಲಾಯಿತೆಂದು ಹೇಳಿದರೆ ನೀವು ನಂಬಬೇಡಿ. ಗಿರಿಜಮ್ಮ ತಮ್ಮ ಕುಪ್ಪಸವನ್ನು ಕೊನೆಯವರೆಗೂ ಬೇರೆಯವರ ಹತ್ತಿರವೇ ಹೊಲಿಸಿದರು. ಆದರೆ ಶಶಿಕಲಾಳ ಕುಪ್ಪಸವನ್ನು ಕಂಡು ಅವಳ ಗೆಳತಿಯರು ಬಂದರು, ಬಾಣಂತಿಯರು ಬಂದರು, ದಪ್ಪಗಾದವರು, ಬಡಕಲಾದವರು, ಹಳೆಯ ಅಳತೆಗೆ ಒಗ್ಗದವರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಮುಂದೆ ತೋಳೆತ್ತಿ ನಿಂತರು. ಬರದವರೂ ಇದ್ದರು, ಈಗಲೂ ಇದ್ದಾರೆ. ಅವರಿಗಾಗಿ ನಾನು ಟೇಪನ್ನು ಒಳಗಿಡಲಿಲ್ಲ. ಖಾಸೀಂಬಿಯ ಬಳೆಗಿರಾಕಿಗಳು ಹೋದ ದಾರಿಯಲ್ಲೇ ಮರಳಿ ಬಂದರು. ಅವಳ ಮಕ್ಕಳಿಬ್ಬರ ಮದುವೆಯ ಬಟ್ಟೆ ಹೊಲಿದವಳು ನಾನೇ.

ಕೆಲವು ವರ್ಷಗಳ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಹೊಸದಾಗಿ ಮಷಿನ್ ಪಡೆದ ಹೆಣ್ಣುಮಕ್ಕಳ ಸಭೆಯಾಯಿತು. ಅಧಿಕಾರಿಗಳು ಯೋಜನೆಗಳನ್ನು ಚೆನ್ನಾಗಿ ವಿವರಿಸಿದರು. ಅವುಗಳನ್ನು ನಾನು ಹಗುರವಾಗಿ ಕಾಣುವವಳಲ್ಲ. ಆ ಮಷಿನ್ ಇಲ್ಲದಿದ್ದರೆ ನನ್ನ ಕೈಯಲ್ಲಿ ಇಂದಿಗೂ ಕುಡುಗೋಲೇ ಇರುತ್ತಿತ್ತು. ನನಗೂ ಎರಡು ಮಾತಾಡಲು ಹೇಳಿದಾಗ ಇಷ್ಟೇ ಅಂದೆ: ಕೆಲಸದ ಜೊತೆಗೆ ಜಾಗವನ್ನೂ ಕೇಳಿ, ಕೈ ಹಿಡಿಯಲು ಹೇಸದವರ ಹತ್ತಿರ ಕೇಳಿ.

ಹಂಪಸಾಗರದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ರತ್ನ ಎಂದು ಹೆಸರು. "ಅಂಥೋರು ಸಿಗದಿದ್ರ?"

ಸಭೆ ನಕ್ಕಿತು. ಅವಳು ನಗಲಿಲ್ಲ. ಅವಳು ಆಗಲೇ ಕೇಳಿ ಕೇಳಿ ಸೋತಿದ್ದಳೆಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು.

"ಸಿಗೋ ತನಕ ಕೇಳಬೇಕವ್ವ," ಎಂದೆ. ಅದು ಸಾಲದೆಂದು ನನಗೇ ಅನಿಸಿತು. "ಒಬ್ಬಾಕಿ ಕೇಳಿದ್ರ ಇಲ್ಲ ಅನ್ನೋದು ಸಸಾರ. ನಡಿ, ಇವತ್ತ ಇಬ್ರೂ ಕೂಡಿ ಕೇಳಾಣ."

ಸಭೆ ಮುಗಿದ ಮೇಲೆ ನಾವಿಬ್ಬರೂ ಪೇಟೆಗೆ ನಡೆದೆವು. ಮೊದಲ ಅಂಗಡಿಯವರು ಇಲ್ಲವೆಂದರು. ಮುಂದಿನವರು ಯಾರ ಪೈಕಿ ಎಂದು ಕೇಳಿ, ಆಮೇಲೆ ಇಲ್ಲವೆಂದರು. ರತ್ನಳ ಹೆಜ್ಜೆ ಹಿಂದಾಗತೊಡಗಿದಾಗ ನಾನು ಅವಳ ಕೈ ಹಿಡಿದುಕೊಂಡೆ. ಓಣಿಯ ಕೊನೆಯಲ್ಲಿ ಚುರುಮುರಿ ಮಾರುವ ಒಬ್ಬ ಅಜ್ಜಿ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ನಮ್ಮ ಮಾತನ್ನೆಲ್ಲ ಕೇಳಿದಳು, ಕೇರಿಯ ಹೆಸರನ್ನೂ ಕೇಳಿದಳು.

"ಮಷಿನ್ ಎಷ್ಟು ಜಾಗ ಹಿಡೀತೈತಿ?" ಎಂದಳು.

ರತ್ನ ತೋರಿಸಲೆಂದು ಎರಡೂ ಕೈ ಅಗಲಿಸುವ ಮೊದಲೇ ಅಜ್ಜಿ ತನ್ನ ಬುಟ್ಟಿಗಳನ್ನು ಒಂದು ಪಕ್ಕಕ್ಕೆ ಸರಿಸತೊಡಗಿದ್ದಳು.