ಜೀರಾ ಕಲಿಸಿದ ದನಿ

ಭಾಲ್ಕಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಒಂಬತ್ತು ವರ್ಷ ಕಳೆದರೂ ನಿಸ್ಸಿಯ ದನಿ ಹೇಗಿದೆಯೆಂದು ವಾರ್ಡಿನ ಅರ್ಧ ಮಂದಿಗೆ ಗೊತ್ತಿರಲಿಲ್ಲ. ಕೈ ಮಾತ್ರ ಬಲು ಚುರುಕು. ಯಾರಿಗೂ ಸಿಗದ ನರವನ್ನು ಹುಡುಕಿ ಸೂಜಿ ಚುಚ್ಚಬೇಕೆಂದರೆ ಡಾಕ್ಟರರೂ ಅವಳನ್ನೇ ಕರೆಯುತ್ತಿದ್ದರು. ಮಾತಿನ ಹೊತ್ತು ಬಂದರೆ ಮಾತ್ರ ಹಿಂದೆ ಸರಿಯುವಳು. ರೋಗಿಯ ಸುತ್ತ ಹತ್ತು ಮಂದಿ ನೆಂಟರು ಮುತ್ತಿಕೊಂಡಿದ್ದರೆ, "ಜರಾ ಹೊರಗ ಹೋಗ್ತೀರೇನ್ರಿ, ತಪ್ಪ ತಿಳ್ಕೋಬ್ಯಾಡ್ರಿ" ಎನ್ನುವಳು. ಯಾರೂ ಕದಲುತ್ತಿರಲಿಲ್ಲ. ಅವಳೇ ಸಂದಿಯಲ್ಲಿ ನುಸುಳಿ ಇಂಜೆಕ್ಷನ್ ಕೊಟ್ಟು ಬರುವಳು.

ಮನೆ ಬೀದರಿನಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ; ಭಾಲ್ಕಿಗೆ ದಿನವೂ ರೈಲಿನಲ್ಲಿ ಓಡಾಟ. ತಂದೆ ಬೆಂಜಮಿನ ಕಮಠಾಣದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ತಂದೆ ಮಗಳು ಇಬ್ಬರೇ. ಒಂದು ಸಂಜೆ ಭಾಲ್ಕಿ ರೈಲು ನಿಲ್ದಾಣದ ಬೆಂಚಿನ ಕೆಳಗಿದ್ದ ಹೆಣ್ಣು ನಾಯಿಮರಿಯೊಂದು ನಿಸ್ಸಿಯ ಕಾಲಿಗೆ ಸುತ್ತಿಕೊಂಡು ಬಿಡಲೇ ಇಲ್ಲ. ಊಟದ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು.

"ಇದನ್ಯಾಕ ತಂದಿ?" ಎಂದರು ಬೆಂಜಮಿನ.

"ನಾ ಎಲ್ಲಿ ತಂದೇನ್ ಪಪ್ಪಾ, ಅದೇ ಬಂತು."

ಜೀರಿಗೆಯ ಬಣ್ಣದ್ದೆಂದು ಅದಕ್ಕೆ ಜೀರಾ ಎಂದು ಹೆಸರಾಯಿತು. ಆರು ತಿಂಗಳು ತುಂಬುವುದರೊಳಗೆ ಜೀರಾ ಮನೆಯನ್ನೇ ಆಳತೊಡಗಿತು. ಗೇಟು ತೆರೆದರೆ ಸಾಕು, ರಸ್ತೆಗೆ ಓಟ. ನಿಸ್ಸಿ ಬಾಗಿಲಲ್ಲಿ ನಿಂತು, "ಜೀರಾ, ಬಾ ನನ್ನವ್ವಾ, ಬರ್ತಿಯೋ ಇಲ್ಲೋ, ಬಿಸ್ಕೀಟ ಕೊಡ್ತೇನಿ ಬಾ" ಎಂದು ಗೋಗರೆಯುವಳು. ಅದು ತಿರುಗಿಯೂ ನೋಡುತ್ತಿರಲಿಲ್ಲ.

ಎದುರು ಮನೆಯ ಖಾಸಿಂ ಅಲಿ ಪೊಲೀಸ್ ಶ್ವಾನದಳದಲ್ಲಿ ಇಪ್ಪತ್ತೆರಡು ವರ್ಷ ನಾಯಿ ಪಳಗಿಸಿದವರು. ಕುರ್ಚಿಯಲ್ಲಿ ಕೂತು ಈ ತಮಾಷೆ ನೋಡಿ ನೋಡಿ ಒಂದು ದಿನ ಎದ್ದು ಬಂದರು.

"ಬೇಟಿ, ನೀ ಅದಕ್ಕ ಹೇಳಲತ್ತಿಲ್ಲ, ಬೇಡ್ಕೊಳ್ಳಲತ್ತಿ. ಒಂದೇ ಮಾತು ಹೇಳು. ಹೇಳಿ ಸುಮ್ನ ನಿಂತ್ಕೋ. ಅದು ಕೇಳೋತನ ನೀ ಅಲ್ಲಿಂದ ಅಲುಗಬ್ಯಾಡ. ಕೇಳಿದ್ರ ಬೆನ್ನ ಸವರೋದು ಮರೀಬ್ಯಾಡ."

ಮರುದಿನ ಬೆಳಿಗ್ಗೆ ನಿಸ್ಸಿ, "ಕೂಡು" ಎಂದಳು. ಜೀರಾ ಬಾಲ ಆಡಿಸಿತು, ಆಕಳಿಸಿತು, ಗೋಡೆಯ ಮೇಲಿದ್ದ ಬೆಕ್ಕಿನ ಕಡೆ ನೋಡಿತು. ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದರೂ ನಿಸ್ಸಿ ತುಟಿ ಕಚ್ಚಿ ನಿಂತಳು. ಬಹಳ ಹೊತ್ತಿನ ಮೇಲೆ ಜೀರಾ ನಿಧಾನಕ್ಕೆ ಕೂತಿತು. ಅಂದು ರೈಲಿನಲ್ಲಿ ಭಾಲ್ಕಿಯವರೆಗೂ ನಿಸ್ಸಿಯ ಮುಖದ ನಗು ಅಳಿಯಲಿಲ್ಲ. ತಾನು ಹೇಳಿದ ಮಾತನ್ನು ಒಂದು ಜೀವ ಕೇಳಿತ್ತು.

ಮುಂದಿನ ವರ್ಷ ಓಣಿಯ ಬಾಡಿಗೆದಾರರೊಬ್ಬರು ಊರು ಬಿಟ್ಟು ಹೋಗುವಾಗ ತಮ್ಮ ನಾಯಿ ಬಾದಶಾನನ್ನು ಬಿಟ್ಟುಹೋದರು. ಕರುವಿನಷ್ಟು ಎತ್ತರದ ಆ ಬಾದಶಾ ಕೂಡ ನಿಸ್ಸಿಯ ಮನೆ ಸೇರಿತು. ಮೊದಲ ದಿನವೇ ಅದು ಬೊಗಳುತ್ತ ಜೀರಾಳ ತಟ್ಟೆಗೆ ನುಗ್ಗಿತು. ಜೀರಾ ಬೊಗಳಲಿಲ್ಲ, ಗುರ್ರೆನ್ನಲೂ ಇಲ್ಲ. ತಟ್ಟೆಗೆ ಅಡ್ಡ ನಿಂತು ಬಾದಶಾನನ್ನು ನೆಟ್ಟಗೆ ನೋಡಿತು. ಅಷ್ಟು ದೊಡ್ಡ ನಾಯಿ ಹಿಂದೆ ಸರಿಯಿತು. ಉಂಡು ಮುಗಿಸಿದ ಜೀರಾ ಪಕ್ಕಕ್ಕೆ ಹೋಗಿ ಉಳಿದದ್ದನ್ನು ಅದಕ್ಕೇ ಬಿಟ್ಟಿತು.

ಆ ದಿನಗಳಲ್ಲೇ ನಿಸ್ಸಿಯನ್ನು ವಾರ್ಡಿನ ಇನ್‌ಚಾರ್ಜ್ ಮಾಡಿದರು. ಅವಳಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚು. ವಾರ್ಡಿನ ಆಯಾ ಸುಮಿತ್ರಾಬಾಯಿ ವಯಸ್ಸಿನಲ್ಲಿ ತಾಯಿಯಂಥವರು. "ಮಾಡ್ತೀನಿ ಬಿಡ್ರಿ" ಎಂದರೆ ಬೆಳಗಿನ ಕೆಲಸ ಆಗುತ್ತಿದ್ದುದು ಮಧ್ಯಾಹ್ನಕ್ಕೆ. ಅಧಿಕಾರವೆಂದರೆ ಜೋರು ಮಾಡುವುದೆಂದು ತಿಳಿದು ನಿಸ್ಸಿ ಒಂದು ದಿನ ಕೂಗಾಡಿದಳು. ಸುಮಿತ್ರಾಬಾಯಿ ಸೆರಗು ಬಾಯಿಗಿಟ್ಟು ನಕ್ಕರು. ಮನೆಗೆ ಬಂದಾಗ ಬಾದಶಾ ಹಾದಿಹೋಕರಿಗೆಲ್ಲ ಬೊಗಳುತ್ತಿತ್ತು, ಯಾರೂ ಹೆದರುತ್ತಿರಲಿಲ್ಲ. ಅದನ್ನು ನೋಡುತ್ತ ಕೂತ ನಿಸ್ಸಿಗೆ ತನ್ನ ತಪ್ಪು ತಿಳಿಯಿತು.

ಮಾರನೆಯ ದಿನ, "ಸುಮಿತ್ರಾಬಾಯಿ, ಹತ್ತಕ್ಕ ಎಲ್ಲಾ ಹಾಸಗಿ ಬದಲಾಗಬೇಕ್ರಿ" ಎಂದಷ್ಟೇ ಹೇಳಿ, ಮಂಚದ ಪಕ್ಕ ನಿಂತಳು. ಸುಮಿತ್ರಾಬಾಯಿ ಮೊಣಕಾಲು ನೋವೆಂದರು, ಚಾದರ ಬಂದಿಲ್ಲವೆಂದರು. ನಿಸ್ಸಿ ಸುಮ್ಮನೆ ಕಾದಳು. ಕೊನೆಗೆ ಅವರೇ ಚಾದರ ತಂದರು. ನಿಸ್ಸಿ ಇನ್ನೊಂದು ತುದಿ ಹಿಡಿದಳು. ಮುಗಿದ ಮೇಲೆ, "ನಿಮ್ಮಂಗ ಚಾದರ ಬಿಗಿಯೋರು ಈ ದವಾಖಾನ್ಯಾಗ ಇಲ್ರಿ" ಎಂದಳು. ಅದು ಸುಳ್ಳಾಗಿರಲಿಲ್ಲ. ಅಂದಿನಿಂದ ಸುಮಿತ್ರಾಬಾಯಿ ಹತ್ತಕ್ಕೆ ಐದು ನಿಮಿಷ ಮೊದಲೇ ಕೆಲಸ ಮುಗಿಸತೊಡಗಿದರು.

ಒಂದು ಭಾನುವಾರ ಜೀರಾಳ ಪಾದದಲ್ಲಿ ಗಾಜು ಹೊಕ್ಕಿತು. ಚಿಮುಟ ಹಿಡಿದ ನಿಸ್ಸಿ ಗಾಬರಿಯಲ್ಲಿ ಅವಸರ ಮಾಡಿದಷ್ಟೂ ಜೀರಾ ಒದ್ದಾಡಿತು. ಅವಳು ಚಿಮುಟ ಕೆಳಗಿಟ್ಟು, ಉಸಿರು ಸಮ ಮಾಡಿಕೊಂಡು ಮತ್ತೆ ಕೈ ಹಾಕಿದಳು. ಜೀರಾ ಮುಖವನ್ನು ಅವಳ ತೊಡೆಯ ಮೇಲಿಟ್ಟು ಮಲಗಿತು, ಗಾಜು ಹೊರಬಂತು. ನಮ್ಮ ಭಯವೇ ಎದುರಿನವರಿಗೆ ಹತ್ತುತ್ತದೆ ಎಂಬುದು ಅವಳಿಗೆ ಅಂದು ತಿಳಿಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ಸಾಯಗಾಂವ ಕಡೆಯಿಂದ ಮದುವೆಗೆ ಹೊರಟಿದ್ದ ಟೆಂಪೋ ಎಮ್ಮೆಗಳನ್ನು ತಪ್ಪಿಸಲು ಹೋಗಿ ಮಗುಚಿತು. ಇಪ್ಪತ್ಮೂರು ಮಂದಿ ಗಾಯಾಳುಗಳು ಒಟ್ಟಿಗೇ ಆಸ್ಪತ್ರೆಗೆ ಬಂದರು. ಅವರ ಹಿಂದೆ ನೂರಾರು ಜನ. ಆ ಹೊತ್ತು ಡ್ಯೂಟಿಯಲ್ಲಿದ್ದ ಒಬ್ಬರೇ ಡಾಕ್ಟರ್ ಸುಲಭಾ ಆಗಷ್ಟೇ ಹೆರಿಗೆಯ ಆಪರೇಷನ್ನಿಗೆ ಒಳಹೋಗಿದ್ದರು. ಅಳು, ಕೂಗು, ನೂಕಾಟ. ಸ್ಟ್ರೆಚರ್ ಒಂದು ಹೆಜ್ಜೆ ಮುಂದೆ ಹೋಗದು.

ನಿಸ್ಸಿ ಬಾಗಿಲ ಮೆಟ್ಟಿಲ ಮೇಲೆ ನಿಂತು ಉಸಿರೆಳೆದುಕೊಂಡಳು.

"ನಿಂದರ್ರಿ."

ಕೂಗಲಿಲ್ಲ. ಎರಡನೆಯ ಸಲ ಹೇಳಲೂ ಇಲ್ಲ. ಮುಂದಿದ್ದವರು ಅವಳ ಮುಖ ನೋಡಿ ನಿಂತರು, ಅವರನ್ನು ನೋಡಿ ಹಿಂದಿನವರು ನಿಂತರು.

"ನಡಿಯಾಕ ಬರೋರು ಗ್ವಾಡಿ ಕಡಿ ಕೂಡ್ರಿ. ರಕ್ತ ನಿಲ್ಲದವ್ರು ಒಳಗ. ಒಬ್ಬರ ಜೊತಿ ಒಬ್ರೇ ಇರ್ರಿ."

ಆಶೀಷ ಎಂಬ ಯುವಕ, "ನಮ್ಮ ಮಾಮಾಗ ಮೊದಲ ನೋಡ್ರಿ" ಎಂದು ಅವಳ ತೋಳು ಹಿಡಿದ. ನಿಸ್ಸಿ ಅವನ ಕೈಯನ್ನು ಹಿಡಿದು ಮಾಮನ ತೊಡೆಯ ಗಾಯದ ಬಟ್ಟೆಯ ಮೇಲೆ ಒತ್ತಿಸಿದಳು. "ಹಿಂಗೇ ಒತ್ತಿ ಹಿಡೀರಿ. ನಾ ಹೇಳೋತನ ಬಿಡಬ್ಯಾಡ್ರಿ. ನಿಮ್ಮಿಂದ ಆಗ್ತದ." ಅವನು ಅರ್ಧ ಗಂಟೆ ಕೈ ತೆಗೆಯಲಿಲ್ಲ.

ಡಾಕ್ಟರ್ ಸುಲಭಾ ಹೊರಗೆ ಬಂದಾಗ ಯಾರನ್ನು ಮೊದಲು ನೋಡಬೇಕೆಂಬ ಪಟ್ಟಿ ಸಿದ್ಧವಿತ್ತು, ಏಳು ಮಂದಿಗೆ ಸಲೈನ್ ಹರಿಯುತ್ತಿತ್ತು, ಬೀದರಿನಿಂದ ಆಂಬುಲೆನ್ಸ್ ಹೊರಟಿತ್ತು. ಅಂದು ಒಂದು ಜೀವವೂ ಹೋಗಲಿಲ್ಲ.

"ಇಷ್ಟೆಲ್ಲಾ ಯಾರ್ ಮಾಡ್ಸಿದ್ರು?" ಎಂದು ಡಾಕ್ಟರು ಕೇಳಿದರು.

"ಮತ್ಯಾರ್ರಿ, ನಮ್ಮ ಸಿಸ್ಟರ್" ಎಂದರು ಸುಮಿತ್ರಾಬಾಯಿ, ತಮ್ಮ ಹೊಟ್ಟೆಯಲ್ಲಿ ಹುಟ್ಟಿದವಳೆಂಬಂತೆ.

ಮರುವರ್ಷ ಔರಾದಿನ ಆಸ್ಪತ್ರೆಯ ನರ್ಸುಗಳಿಗೆಲ್ಲ ಮುಖ್ಯಸ್ಥೆಯಾಗಿ ನಿಸ್ಸಿಯನ್ನು ಕಳಿಸಿದರು. ಎರಡೂ ನಾಯಿಗಳು ಅವಳ ಜೊತೆ ಹೋದವು. ಹೊಸದಾಗಿ ಸೇರಿದ ಹುಡುಗಿಯರು ಮೆಲ್ಲಗೆ ಮಾತಾಡಿದರೆ ಅವಳು ಬೈಯುವುದಿಲ್ಲ. ಸಂಜೆ ಮನೆಗೆ ಕರೆದು ಚಹಾ ಕೊಟ್ಟು, "ಈ ಬಾದಶಾಗ ಕೂಡಿಸ್ರಿ ನೋಡಮು" ಎನ್ನುತ್ತಾಳೆ.

ಮೊನ್ನೆ ಬೆಂಜಮಿನ ಮಗಳನ್ನು ನೋಡಲು ಔರಾದಿನ ಬಸ್ ಹತ್ತಿದ್ದರು. ಡಾಬಕಾ ಊರಿನ ಹೆಂಗಸೊಬ್ಬಳು ಅವರ ಕೈಚೀಲದ ಮೇಲೆ ಬರೆದಿದ್ದ 'ನಿಸ್ಸಿ ಬೆಂಜಮಿನ, ಔರಾದ ಆಸ್ಪತ್ರೆ' ನೋಡಿ, "ನೀವು ನಿಸ್ಸಿ ಸಿಸ್ಟರ್ ಅವರ ವಡೀಲ ಏನ್ರಿ?" ಎಂದು ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

"ಹೌದ್ರಿ, ಆಕಿ ನನ್ನ ಮಗಳು" ಎಂದ ಬೆಂಜಮಿನ, ಇಡೀ ಬಸ್ಸಿಗೆ ಕೇಳುವ ಹಾಗೆ ಅದನ್ನು ಇನ್ನೊಮ್ಮೆ ಹೇಳಿ ಕೂತರು.