ಕಂಬಗಳ ನಡುವೆ ತೂರದ ಲೆಗ್ ಗಾರ್ಡ್

ಚೆಂಬೂರಿನ ನಮ್ಮ ಹೌಸಿಂಗ್ ಸೊಸೈಟಿಯ ಬಾಗಿಲಲ್ಲಿ ಮೊಣಕಾಲಿಗಿಂತ ತುಸು ಎತ್ತರದ ಎರಡು ಕಬ್ಬಿಣದ ಕಂಬಗಳಿವೆ. ನೆಡಿಸಿದವನು ನಾನೇ, ಆಗಿನ ಸೆಕ್ರೆಟರಿ ಕೇಶವಮೂರ್ತಿ. ಟೆಂಪೋಗಳು ಒಳಗೆ ನುಗ್ಗಿ ಮಕ್ಕಳು ಆಡುವ ಜಾಗದಲ್ಲಿ ತಿರುಗಿಸಿಕೊಳ್ಳುತ್ತಿದ್ದವು. ಅವು ನಿಲ್ಲಲಿ, ಜನರೂ ಸ್ಕೂಟರುಗಳೂ ಹಾಯಲಿ ಎಂದು ಅಷ್ಟೇ ಸಂದಿ ಬಿಟ್ಟಿದ್ದೆ. ಅದರಲ್ಲಿ ಒಬ್ಬ ಮನುಷ್ಯ ಸಿಕ್ಕಿಕೊಳ್ಳುತ್ತಾನೆಂದು ನನಗೇನು ಕನಸು ಬಿದ್ದಿತ್ತೆ?

ಆ ಮನುಷ್ಯ ಎರಡನೇ ಮಹಡಿಯ ಸೀತಾರಾಮ. ಮೈಸೂರಿನವನು. ಸಾಂತಾಕ್ರೂಜಿನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ನಾನು ಪರೇಲಿನ ಆಫೀಸಿಗೆ ಹೋಗುವವನಾದ್ದರಿಂದ ಕುರ್ಲಾದಲ್ಲಿ ರೈಲು ಬದಲಿಸಿ ದಾದರಿನವರೆಗೆ ಇಬ್ಬರೂ ಜೊತೆ. ಲೋಕಲ್ ರೈಲಿನಲ್ಲಿ ಜನ ಒತ್ತಿದ ಕೂಡಲೇ ಅವನ ತುಟಿ ಬಿಳಿಚಿಕೊಳ್ಳುತ್ತಿತ್ತು, ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿಯುತ್ತಿದ್ದ. ಒಂದು ದಿನ ಸಾಯನ್‌ನಲ್ಲಿ ಹೇಗೋ ಇಳಿದು ಪ್ಲಾಟ್‌ಫಾರ್ಮಿನ ಮೇಲೇ ಕುಸಿದು ಕೂತ.

"ಉಸಿರು ಕಟ್ಟುತ್ತೆ ಮೂರ್ತಿಗಳೇ. ಇವತ್ತು ಸತ್ತೇ ಹೋಗ್ತೀನಿ ಅನ್ಸುತ್ತೆ, ದಿನಾ ಅನ್ಸುತ್ತೆ."

"ಬೊಂಬಾಯಿಗೆ ಬಂದು ಗಾಳಿ ಕೇಳ್ತೀಯಲ್ಲಯ್ಯ!" ಎಂದು ನಾನು ನಕ್ಕುಬಿಟ್ಟೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಎಂಬತ್ತಾರರ ಕೊನೆಯಲ್ಲಿ ಅವನೊಂದು ಸೆಕೆಂಡ್ ಹ್ಯಾಂಡ್ ಮೋಟಾರ್‌ಸೈಕಲ್ ಕೊಂಡ. ಒಂದೇ ತಿಂಗಳಲ್ಲಿ ಆಳು ಬೇರೆಯೇ ಆದ. ಸಂಜೆ ಕೂದಲು ಕೆದರಿಕೊಂಡು, ಮುಖದ ತುಂಬ ಧೂಳು ಹೊತ್ತು, ಸಿಳ್ಳೆ ಹಾಕುತ್ತ ಬರುತ್ತಿದ್ದ. ಆದರೆ ಅವನ ಹೆಂಡತಿ ವಿಮಲಾ ಸೊರಗಿದಳು. ಅವಳ ಅಣ್ಣ ಸ್ಕೂಟರಿನಿಂದ ಬಿದ್ದು ತೀರಿಕೊಂಡಿದ್ದ. ಗಂಡನ ಗಾಡಿಯ ಸದ್ದು ಕೇಳುವವರೆಗೆ ಅವಳು ಬಾಲ್ಕನಿ ಬಿಟ್ಟು ಕದಲುತ್ತಿರಲಿಲ್ಲ. ಕೊನೆಗೆ, ಕಾಲಿಗೆ ರಕ್ಷೆಯಾಗಿ ಮುಂದೆ ಕಬ್ಬಿಣದ ಲೆಗ್ ಗಾರ್ಡ್ ಹಾಕಿಸದೆ ಗಾಡಿ ಮುಟ್ಟಕೂಡದು ಎಂದು ಹಟ ಹಿಡಿದಳು.

ಗಾರ್ಡ್ ಬರುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅವಳು ಬ್ಲೌಸಿಗೆ ಅಳತೆ ತೆಗೆಯುವ ಟೇಪು ಹಿಡಿದು ನನ್ನ ಕಂಬಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದನ್ನು ನಾನು ನೋಡಿದೆ. ಸಂಕ್ರಾಂತಿ ಹತ್ತಿರವಿತ್ತು. ರಂಗೋಲಿಗೆ ಜಾಗ ಅಳೆಯುತ್ತಿದ್ದಾಳೆ ಎಂದುಕೊಂಡೆ.

ಭಾನುವಾರ ಕುರ್ಲಾದ ವೆಲ್ಡರ್ ಭೀಮರಾಯ ಎರಡು ಗಾರ್ಡ್ ಹೊತ್ತು ತಂದ. ಗುಲ್ಬರ್ಗಾ ಕಡೆಯವನು, ಪೈಪು ಬಗ್ಗಿಸುವುದರಲ್ಲಿ ಎತ್ತಿದ ಕೈ. ಒಂದು ಗಾರ್ಡ್ ಎಂಜಿನ್ನಿಗೆ ಅಂಟಿಕೊಂಡ ಹಾಗೆ ಸಣ್ಣದು. ಇನ್ನೊಂದು ಎಮ್ಮೆಯ ಕೊಂಬಿನಂತೆ ಎರಡೂ ಕಡೆ ಚಾಚಿಕೊಂಡದ್ದು.

"ಸಣ್ಣದ ಹಾಕಸ್ರಿ ಸಾಹೇಬ್ರ," ಎಂದ ಭೀಮರಾಯ. "ಬಿದ್ದಾಗ ಗಾಡಿ ಜಾರಿ ಮುಂದ ಹೋಗ್ಬೇಕು. ಅಗಲದ್ದು ಎಲ್ಲ್ಯಾರ ಸಿಕ್ಕೊಂಡ್ರ ತ್ರಾಸ ಆಗ್ತದ."

"ಅಗಲದ್ದೇ ಇರಲಿ ರೀ," ಎಂದಳು ವಿಮಲಾ. "ಕಾಲು ಪೂರ್ತಿ ಒಳಗಿರಬೇಕು."

ಸೀತಾರಾಮ ಸಣ್ಣ ಗಾರ್ಡಿನ ಮೇಲೆ ಒಂದು ಸಲ ಕೈಯಾಡಿಸಿದ. ಸೊಸೈಟಿಯ ಬಾಗಿಲ ಕಡೆ ನೋಡಿದ. ಆಮೇಲೆ, "ಅಗಲದ್ದೇ ಹಾಕು ಭೀಮರಾಯ," ಎಂದ.

ನಾಲ್ಕು ಬೋಲ್ಟು ಬಿಗಿಯಾದ ಮೇಲೆ ವಿಮಲಾ, "ಇದನ್ನ ಯಾವತ್ತೂ ಬಿಚ್ಚಲ್ಲ ಅಂತ ನನ್ನ ತಲೆ ಮುಟ್ಟಿ ಹೇಳಿ," ಎಂದಳು. ತಲೆ ಮುಟ್ಟಿ ಇಟ್ಟ ಆಣೆಗೆ ತಪ್ಪಿದರೆ ಕೇಡು ಆ ತಲೆಗೇ ಎಂದು ನಂಬುವ ಮನೆತನ ಅವರದು. ಅವನು ನಮ್ಮೆದುರಿಗೇ ಮುಟ್ಟಿ ಹೇಳಿದ.

ಸೋಮವಾರ ಬೆಳಿಗ್ಗೆ ಹ್ಯಾಂಡಲ್ ಕಂಬಗಳ ಮೇಲಿಂದ ದಾಟಿತು, ಗಾರ್ಡ್ ಠಣ್ಣೆಂದು ಬಡಿದು ನಿಂತಿತು. ಸೀತಾರಾಮ ಓರೆ ಮಾಡಿ ನೋಡಿದ, ಹಿಂದಕ್ಕೆಳೆದು ಮತ್ತೆ ತಂದ. ಊಹೂಂ. ಮೇಲೆ ಬಾಲ್ಕನಿಯಲ್ಲಿ ವಿಮಲಾ, "ಅಯ್ಯೋ, ಹೀಗಾಯ್ತಲ್ಲ ರೀ," ಎಂದಳು. ಬಿಚ್ಚುವ ಹಾಗಿಲ್ಲ, ಹಾಯುವ ಹಾಗಿಲ್ಲ. ಅತ್ತ ದರಿ, ಇತ್ತ ಹುಲಿ. ಅವನು ಗಾಡಿಯನ್ನು ಗೋಡೆ ಪಕ್ಕ ನಿಲ್ಲಿಸಿ, ಚೀಲ ತಗುಲಿಸಿಕೊಂಡು ನನ್ನ ಜೊತೆ ಸ್ಟೇಷನ್ನಿಗೆ ನಡೆದ. ಕುರ್ಲಾದಲ್ಲಿ ಮತ್ತೆ ನನ್ನ ತೋಳು ಹಿಡಿದ.

"ಒಂದು ಅರ್ಜಿ ಬರಕೊಡು. ಕಂಬ ಅರ್ಧ ಅಡಿ ಸರಿಸೋದಕ್ಕೆ ಮೀಟಿಂಗಿನಲ್ಲಿ ಪಾಸ್ ಮಾಡಿಸ್ತೀನಿ," ಎಂದೆ. ನೋಡೋಣ ಎಂದ. ಒಂದಲ್ಲ, ಹತ್ತು ಸಲ ಹೇಳಿದೆ. ಬರೆಯಲೇ ಇಲ್ಲ. ನನಗೂ ರೇಗಿತು, ಅರ್ಜಿಯಿಲ್ಲದೆ ನಾನು ಕಂಬ ಮುಟ್ಟುವುದಿಲ್ಲ ಎಂದುಬಿಟ್ಟೆ. ಅಂಥ ಮೊಂಡ ಸೆಕ್ರೆಟರಿ ನಾನು.

ಹೀಗೇ ಐದು ವರ್ಷ. ಪ್ರತಿ ಭಾನುವಾರ ಅವನು ಗಾಡಿ ಒರೆಸುತ್ತಿದ್ದ. ಕಿಕ್ ಹೊಡೆದು, ಸೀಟಿನ ಮೇಲೆ ಕೂತು, ಬಾಗಿಲ ಕಡೆ ಮುಖ ಮಾಡಿ ಎರಡು ನಿಮಿಷ ಎಂಜಿನ್ ಓಡಿಸಿ ಆರಿಸುತ್ತಿದ್ದ. ಸೋಮವಾರ ಮತ್ತೆ ಲೋಕಲ್, ಮತ್ತೆ ಆ ಬಿಳಿಚಿದ ತುಟಿ.

ತೊಂಬತ್ತೆರಡರಲ್ಲಿ ನಾನು ರಿಟೈರ್ ಆದೆ. ಕೊನೆಯ ದಿನ ಕುರ್ಲಾ ಪ್ಲಾಟ್‌ಫಾರ್ಮಿನಲ್ಲಿ ಮನಸ್ಸು ತಡೆಯದೆ ಹೇಳಿಬಿಟ್ಟೆ: "ಸೀತಾರಾಮ, ಗಾರ್ಡ್ ಹಾಕಿಸೋ ಹಿಂದಿನ ದಿನ ನಿನ್ನ ಹೆಂಡತಿ ಆ ಸಂದಿ ಅಳೀತಿದ್ಳು. ನಾನು ಕಣ್ಣಾರೆ ನೋಡಿದ್ದೀನಿ. ಗಾಡಿ ಹೊರಗೆ ಹೋಗಬಾರ್ದು ಅಂತಾನೇ ಅಗಲದ್ದು ಹಾಕಿಸಿದ್ದು."

"ನಾನೂ ನೋಡಿದ್ದೆ, ಕಿಟಕಿಯಿಂದ," ಎಂದ. "ಅವಳ ಕೈಯಿಂದ ಟೇಪು ಜಾರಿ ಬಿತ್ತು, ಮತ್ತೆ ಅಳೆದಳು."

"ಗೊತ್ತಿದ್ದೂ ಆಣೆ ಇಟ್ಯಾ? ದಿನಾ ಈ ಲೋಕಲ್ಲಲ್ಲಿ ಸಾಯ್ತೀಯಲ್ಲಯ್ಯ, ಅದು ಅವಳಿಗೆ ಕಾಣ್ಸಲ್ವಾ?"

"ಅವಳಿಗೆ ಗೊತ್ತಿಲ್ಲ ಮೂರ್ತಿಗಳೇ. ಉಸಿರು ಕಟ್ಟೋ ವಿಷಯ ನಿಮಗೊಬ್ಬರಿಗೇ ಗೊತ್ತಿರೋದು. ಅವಳಿಗೆ ಹೇಳಿದ್ರೆ ಅವತ್ತೇ ಸ್ಪ್ಯಾನರ್ ತಂದು ತಾನೇ ಬಿಚ್ತಾಳೆ. ಆಮೇಲೆ ಮತ್ತೆ ಬಾಲ್ಕನೀಲಿ ನಿಲ್ತಾಳೆ."

ಲೋಕಲ್ ಬಂತು. ಜನ ಹಿಂದಿನಿಂದ ನೂಕಿದರು. ಅಭ್ಯಾಸಬಲದಿಂದ ನಾನೇ ನನ್ನ ತೋಳನ್ನು ಅವನ ಕಡೆ ಚಾಚಿದೆ. ನಾಳೆಯಿಂದ ಇವನು ಯಾರ ತೋಳು ಹಿಡಿಯುತ್ತಾನೆ?